ಕೆಲಸ ಬಿಡಬೇಡ, ಪೂರ್ತಿ ಕೂಲಿಯನ್ನೂ ಬಿಡಬೇಡ

ಮಗೂ, ಮೊದಲ ಕೆಲಸಕ್ಕೆ ಹೊರಟವರಿಗೆ ಹಿರಿಯರು ಎರಡು ಮಾತು ಹೇಳುವುದು ವಾಡಿಕೆ. ನಿಯತ್ತಾಗಿ ದುಡಿ ಎನ್ನುವುದು ಒಂದು. ಸಂಬಳದ ಮಾತು ಈಗಲೇ ಎತ್ತಬೇಡ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ತಕರಾರಿಲ್ಲ. ಎರಡನೆಯದನ್ನು ಮಾತ್ರ ನಾನು ಒಪ್ಪುವವನಲ್ಲ. ಸಂಬಳದ ಬಿಲ್ಲು ಬರೆಯುತ್ತ, ತಿಂಗಳ ಕೊನೆಗೆ ಬಟವಾಡೆ ಮಾಡುತ್ತ ತಲೆ ನರೆತವನು ನಾನು. ಎಷ್ಟು ಬಂತು, ಎಷ್ಟು ಕಡಿತವಾಯಿತು, ಯಾಕಾಯಿತು ಎಂದು ಕಣ್ಣೆತ್ತಿಯೂ ನೋಡದೆ ಸಹಿ ಎಳೆದು ಹೋಗುವವರನ್ನು ತಿಂಗಳು ತಿಂಗಳೂ ಕಂಡಿದ್ದೇನೆ. ಕೇಳಿದರೆ ಸಾಹೇಬರು ಏನಂದುಕೊಳ್ಳುತ್ತಾರೋ ಎಂಬ ಅಳುಕು ಕೆಲವರಿಗೆ. ಕೇಳುವುದೇ ಆಸೆಬುರುಕತನ ಎಂಬ ನಾಚಿಕೆ ಉಳಿದವರಿಗೆ.

ಆ ಕೆಲಸದ ಚಾಳಿಯೋ ಏನೋ, ಯುದ್ಧದ ಚರಿತ್ರೆ ಓದಲು ಕೂತರೂ ನಾನು ಮೊದಲು ಹುಡುಕುವುದು ಸಿಪಾಯಿಯ ಸಂಬಳವನ್ನು. ಹಾಗೆ ಹುಡುಕುವಾಗ ಸಿಕ್ಕವನು ಜೇಮ್ಸ್ ಹೆನ್ರಿ ಗುಡಿಂಗ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಬೆಡ್‌ಫರ್ಡ್ ಬಂದರಿನವನು. ತಿಮಿಂಗಿಲ ಬೇಟೆಯ ಹಡಗಿನಲ್ಲಿ ದುಡಿದು ಬಂದ ಕಪ್ಪು ಜನಾಂಗದ ಯುವಕ. 1863ರಲ್ಲಿ ಸೈನ್ಯ ಸೇರಿದ. ಕಾರ್ಪೊರಲ್ ಆದ, ಅಂದರೆ ಸಾದಾ ಸಿಪಾಯಿಗಿಂತ ಒಂದೇ ಮೆಟ್ಟಿಲು ಮೇಲೆ. ಸೇನಾಪತಿಗಳ ಪಟ್ಟಿಯಲ್ಲಿ ಅವನ ಹೆಸರಿಲ್ಲ. ನಿನಗೆ ಹೇಳಬೇಕೆಂದಿರುವುದು ಅವನ ಮತ್ತು ಅವನ ಸಂಗಾತಿಗಳ ನೌಕರಿಯ ಕಥೆ.

ಹಿನ್ನೆಲೆ ಚಿಕ್ಕದಾಗಿ ತಿಳಿದುಕೋ. ಅಮೆರಿಕದ ಉತ್ತರದ ರಾಜ್ಯಗಳಿಗೂ ದಕ್ಷಿಣದ ರಾಜ್ಯಗಳಿಗೂ 1861ರ ಏಪ್ರಿಲಿನಿಂದ 1865ರವರೆಗೆ ನಡೆದ ಅಂತರ್ಯುದ್ಧ ಅದು. ಸತ್ತ ಸೈನಿಕರು 6,20,000 ಎಂಬುದು ಹಳೆಯ ಲೆಕ್ಕ. ಈಚಿನ ಅಂದಾಜು ಏಳೂವರೆ ಲಕ್ಷದ ಹತ್ತಿರ ಹೋಗುತ್ತದೆ. ಜಗಳದ ಬುಡದಲ್ಲಿದ್ದದ್ದು ಗುಲಾಮಗಿರಿ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಮ್ಮಲ್ಲಿದೆಯಲ್ಲ, ಅಲ್ಲಿ ಕೆಸರು ಒಬ್ಬನ ಕೈಗೆ, ಮೊಸರು ಇನ್ನೊಬ್ಬನ ಬಾಯಿಗೆ ಆಗಿತ್ತು. ಸುಮಾರು ನಲವತ್ತು ಲಕ್ಷ ಜನ ಬಿಡಿಗಾಸು ಕೂಲಿಯಿಲ್ಲದೆ ಹತ್ತಿ, ಕಬ್ಬು, ಹೊಗೆಸೊಪ್ಪಿನ ಹೊಲಗಳಲ್ಲಿ ದುಡಿಯುತ್ತಿದ್ದರು. 1863ರ ಜನವರಿ 1ರಂದು ಅಧ್ಯಕ್ಷ ಲಿಂಕನ್ ವಿಮೋಚನೆಯ ಘೋಷಣೆ ಹೊರಡಿಸಿದ ಮೇಲೆ ಕಪ್ಪು ಜನರನ್ನು ದೊಡ್ಡ ಪ್ರಮಾಣದಲ್ಲಿ ಸೈನ್ಯಕ್ಕೆ ಸೇರಿಸಿಕೊಳ್ಳುವ ದಾರಿ ತೆರೆಯಿತು. ಮ್ಯಾಸಚೂಸೆಟ್ಸಿನ ಗವರ್ನರ್ ಜಾನ್ ಆಂಡ್ರೂ 54ನೆಯ ಮ್ಯಾಸಚೂಸೆಟ್ಸ್ ಕಾಲಾಳು ರೆಜಿಮೆಂಟು ಕಟ್ಟಿಸಿದರು. ಗುಡಿಂಗ್ ಸೇರಿದ್ದು ಅದಕ್ಕೇ. ಸೇರುವವರಿಗೆ ಕೊಟ್ಟ ಮಾತು ಸ್ಪಷ್ಟವಾಗಿತ್ತು: ಬಿಳಿಯ ಸಿಪಾಯಿಗೆ ಎಷ್ಟೋ ನಿಮಗೂ ಅಷ್ಟೇ, ತಿಂಗಳಿಗೆ 13 ಡಾಲರ್.

ಸಂಬಳದ ಮಾತಿಗೆ ಹೋಗುವ ಮೊದಲು ಆ ಕಾಲದ ಕಾಲಾಳು ಮಾಡುತ್ತಿದ್ದ ಕೆಲಸ ಎಂಥದ್ದು ಎಂದು ನೋಡು. ಕೇಳುವ ಬಾಯಿಗೆ ಮೊದಲು ದುಡಿದ ಕೈ ಬೇಕು. ಇದು ನನ್ನ ಮೊದಲ ಮಾತು.

ಅವನ ಕೈಯಲ್ಲಿದ್ದ ಬಂದೂಕು ನಾಲ್ಕು ಕಿಲೋ ಭಾರದ್ದು. ಒಂದು ಸಲ ತುಂಬಿದರೆ ಒಂದೇ ಗುಂಡು. ತುಂಬುವ ಕ್ರಮವನ್ನು ಕವಾಯತಿನ ಪುಸ್ತಕ ಒಂಬತ್ತು ಹಂತಗಳಾಗಿ ವಿಂಗಡಿಸಿತ್ತು. ಕಾಗದದ ತೋಟೆಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು, ಮದ್ದನ್ನು ನಳಿಗೆಯ ಬಾಯಿಗೆ ಸುರಿಯಬೇಕು, ಸೀಸದ ಗುಂಡು ಇಡಬೇಕು, ಉದ್ದ ಕಂಬಿ ಎಳೆದು ತಳದವರೆಗೆ ಗಿಡಿಯಬೇಕು, ಕಂಬಿಯನ್ನು ಮತ್ತೆ ಅದರ ಜಾಗಕ್ಕೆ ಸೇರಿಸಬೇಕು, ಕೊನೆಗೆ ಕೇಪು ಇಟ್ಟು ಗುರಿ ಹಿಡಿಯಬೇಕು. ಮುಂದಿನ ಹಲ್ಲಿಲ್ಲದವನನ್ನು ತೋಟೆ ಕಚ್ಚಲಾರ ಎಂದು ಭರ್ತಿಯಲ್ಲೇ ತಿರಸ್ಕರಿಸುತ್ತಿದ್ದರು. ಪಳಗಿದವನು ನಿಮಿಷಕ್ಕೆ ಮೂರು ಗುಂಡು ಹೊಡೆಯುತ್ತಿದ್ದ. ಅದಕ್ಕಾಗಿ ತಿಂಗಳುಗಟ್ಟಲೆ ಬೆಳಿಗ್ಗೆ ಕವಾಯತು, ಮಧ್ಯಾಹ್ನ ಕವಾಯತು, ಸಂಜೆ ಮತ್ತೆ ಕವಾಯತು. ಬೇಸರ ಬಂದು ಶಪಿಸದ ಸಿಪಾಯಿ ಇರಲಾರ.

ಅಷ್ಟೆಲ್ಲ ಕವಾಯತು ಯಾಕೆ ಬೇಕಿತ್ತು ಎಂದು ತಿಳಿಯಬೇಕಾದರೆ 1863ರ ಜುಲೈನ ಗೆಟಿಸ್‌ಬರ್ಗ್ ಯುದ್ಧಭೂಮಿಗೆ ಬಾ. ಮೂರು ದಿನದ ಕಾಳಗ ಮುಗಿದ ಮೇಲೆ ಅಲ್ಲಿ ಬಿದ್ದಿದ್ದ ಬಂದೂಕುಗಳನ್ನು ಆರಿಸಿ ಕೂಡಿಹಾಕಿದರು. ಸುಮಾರು 27,000 ಸಿಕ್ಕವು. ಅವುಗಳಲ್ಲಿ 24,000ದಷ್ಟು ತುಂಬಿದ ಹಾಗೆಯೇ ಇದ್ದವು. ತುಂಬಿದ್ದರಲ್ಲಿ ಅರ್ಧದಷ್ಟರೊಳಗೆ ಒಂದರ ಮೇಲೊಂದು ಎರಡು ಗುಂಡು. ಇನ್ನು ಕೆಲವು ಸಾವಿರ ಬಂದೂಕುಗಳಲ್ಲಿ ಮೂರರಿಂದ ಹತ್ತರವರೆಗೆ. ಗದ್ದಲದಲ್ಲಿ, ಹೊಗೆಯಲ್ಲಿ, ಪಕ್ಕದವನು ಉರುಳಿದ ಗಾಬರಿಯಲ್ಲಿ ಎಷ್ಟೋ ಜನ ತುಂಬಿದರು, ತುಂಬಿದರು, ಮತ್ತೆ ತುಂಬಿದರು; ಹಾರಿಸಲೇ ಇಲ್ಲ, ಹಾರಲಿಲ್ಲ ಎಂದು ಗೊತ್ತೂ ಆಗಲಿಲ್ಲ. ಒಂಬತ್ತರಲ್ಲಿ ಒಂದು ಹಂತ ತಪ್ಪಿದರೆ ಉಳಿದ ಎಂಟೂ ದಂಡ. ನಿನ್ನ ಕೆಲಸದಲ್ಲೂ ಇಂಥ ಹಂತಗಳಿರುತ್ತವೆ. ಶಾಂತವಾಗಿರುವಾಗಲೇ ಅವನ್ನು ಕೈಗೆ ಕೂರಿಸಿಕೋ. ಒತ್ತಡದ ದಿನ ತಲೆ ಕೈಕೊಟ್ಟರೂ ಕೈ ಕೆಲಸ ಮಾಡುತ್ತದೆ.

ಕಾಳಗದ ದಿನಗಳು ಮಾತ್ರ ಬೆರಳೆಣಿಕೆಯವು. ಉಳಿದದ್ದೆಲ್ಲ ನಡಿಗೆ, ಕಾಯುವುದು, ಅಗೆಯುವುದು, ಕಾವಲು. ನಡಿಗೆ ದಿನಕ್ಕೆ ಇಪ್ಪತ್ತು, ಮೂವತ್ತು ಕಿಲೋಮೀಟರ್. ಹೊಸದಾಗಿ ಸೇರಿದವರು ಮನೆಯಿಂದ ಕೊಟ್ಟದ್ದನ್ನೆಲ್ಲ ಹೊತ್ತು ಹೊರಡುತ್ತಿದ್ದರು. ಮೊದಲ ದೊಡ್ಡ ನಡಿಗೆಯಲ್ಲೇ ಕೋಟು, ಕಂಬಳಿ, ಪುಸ್ತಕ ಎಲ್ಲ ದಾರಿಯ ಬದಿಗೆ ಬೀಳುತ್ತಿದ್ದವು. ಉಳಿಸಿಕೊಂಡದ್ದರಲ್ಲಿ ಒಂದು ಸಾಮಾನು ನನಗೆ ಬಹಳ ಇಷ್ಟ, ಅರ್ಧ ಡೇರೆ. ಪ್ರತಿ ಸಿಪಾಯಿಗೂ ಡೇರೆಯ ಒಂದು ಅರ್ಧ ಬಟ್ಟೆ ಕೊಡುತ್ತಿದ್ದರು. ಅಂಚಿನಲ್ಲಿ ಗುಂಡಿ, ಗುಂಡಿಮನೆ. ಇನ್ನೊಬ್ಬನ ಅರ್ಧಕ್ಕೆ ಅದನ್ನು ಪೋಣಿಸಿದರೆ ಇಬ್ಬರು ಮಲಗುವಷ್ಟು ಜಾಗ. ಒಬ್ಬನೇ ಇದ್ದರೆ ಅದು ಬರಿಯ ಹೊದಿಕೆ. ಹೊಸ ಜಾಗಕ್ಕೆ ಹೋದ ವಾರದಲ್ಲೇ ನಿನ್ನ ಇನ್ನೊಂದು ಅರ್ಧ ಯಾರ ಹತ್ತಿರ ಇದೆ ಎಂದು ನೋಡಿಕೋ. ಮುಂದೆ ಹಕ್ಕು ಕೇಳುವ ದಿನ ಬಂದಾಗ ಅವನೇ ನಿನ್ನ ಪಕ್ಕ ನಿಲ್ಲುವವನು.

ಊಟದ ಮಾತು ಹೆಚ್ಚು ಬೇಡ. ಹಾರ್ಡ್‌ಟ್ಯಾಕ್ ಎಂಬ ಗಟ್ಟಿ ಬಿಸ್ಕತ್ತು, ಉಪ್ಪು ಹಚ್ಚಿದ ಹಂದಿಮಾಂಸ, ಕಾಫಿ. ಬಿಸ್ಕತ್ತು ಎಷ್ಟು ಗಟ್ಟಿಯೆಂದರೆ ಬಂದೂಕಿನ ಹಿಂಬದಿಯಿಂದ ಗುದ್ದಿ ಪುಡಿಮಾಡಿ ಕಾಫಿಯಲ್ಲಿ ನೆನೆಸಬೇಕು. ನೆನೆಸಿದಾಗ ಹುಳು ಮೇಲೆ ತೇಲಿದರೆ ಚಮಚದಲ್ಲಿ ತೆಗೆದು ಚೆಲ್ಲಿ ಕುಡಿಯಬೇಕು. ಅದನ್ನೂ ತಮಾಷೆ ಮಾಡಿ ನಗುತ್ತಿದ್ದರು.

ನಗಲಾಗದ್ದು ರೋಗ. ಆ ಯುದ್ಧದಲ್ಲಿ ಗುಂಡಿಗೆ ಸತ್ತವನು ಒಬ್ಬನಾದರೆ ರೋಗಕ್ಕೆ ಸತ್ತವರು ಇಬ್ಬರು. ಆಮಶಂಕೆ, ಭೇದಿ, ವಿಷಮಶೀತ ಜ್ವರ, ದಡಾರ. ಒಂಟಿ ಹಳ್ಳಿಗಳಿಂದ ಬಂದ ಗಟ್ಟಿಮುಟ್ಟಾದ ರೈತರ ಮಕ್ಕಳೇ ದಡಾರಕ್ಕೆ ಹೆಚ್ಚು ಬಲಿಯಾದರು, ಯಾಕೆಂದರೆ ಮಗುವಾಗಿದ್ದಾಗ ಅದು ಅವರಿಗೆ ಬಂದಿರಲಿಲ್ಲ. ಪಾಯಿಖಾನೆಗೆ ತೋಡಿದ ಗುಂಡಿಗೆ ಹೋಗದೆ ಎಲ್ಲೆಂದರಲ್ಲಿ ಕೂರುವುದು, ಅದೇ ಹಳ್ಳದ ನೀರು ಕುಡಿಯುವುದು, ಇವು ಫಿರಂಗಿಗಿಂತ ಹೆಚ್ಚು ಜನರನ್ನು ಕೊಂದವು. ಕೆಲಸದ ಹುಮ್ಮಸ್ಸಿನಲ್ಲಿ ಊಟ, ನಿದ್ದೆ, ನೀರು ಮರೆಯುವುದನ್ನು ಶೂರತನ ಎಂದು ಎಣಿಸುವ ವಯಸ್ಸು ನಿನ್ನದು. ಆ ಎಣಿಕೆ ಬಿಟ್ಟುಬಿಡು.

ಈಗ ಗುಡಿಂಗ್‌ನ ರೆಜಿಮೆಂಟಿಗೆ ಬರೋಣ. 1863ರ ಜುಲೈ 18ರ ಸಂಜೆ, ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರಿನ ಬಾಯಲ್ಲಿರುವ ಮಾರಿಸ್ ದ್ವೀಪದಲ್ಲಿ, ದಕ್ಷಿಣದವರ ವ್ಯಾಗ್ನರ್ ಕೋಟೆಯ ಮೇಲೆ ನಡೆದ ದಾಳಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತದ್ದು 54ನೆಯ ರೆಜಿಮೆಂಟು. ಒಂದು ಕಡೆ ಕಡಲು, ಇನ್ನೊಂದು ಕಡೆ ಜವುಗು, ನಡುವೆ ಕಿರಿದಾದ ಮರಳಿನ ಪಟ್ಟಿ. ಹೊರಟವರು ಸುಮಾರು 600. ಸತ್ತವರು, ಗಾಯಗೊಂಡವರು, ಕಾಣೆಯಾದವರು, ಸೆರೆ ಸಿಕ್ಕವರು ಸೇರಿ 270ಕ್ಕೂ ಹೆಚ್ಚು. ಅವರ ಬಿಳಿಯ ಕರ್ನಲ್ ರಾಬರ್ಟ್ ಗೂಲ್ಡ್ ಶಾ ಕೋಟೆಯ ಗೋಡೆಯ ಮೇಲೆಯೇ ಸತ್ತರು. ಕೋಟೆಯವರು ಅವರನ್ನು ಸಿಪಾಯಿಗಳ ಜೊತೆ ಒಂದೇ ಗುಂಡಿಯಲ್ಲಿ ಹೂತರು. ಸಾರ್ಜೆಂಟ್ ವಿಲಿಯಂ ಕಾರ್ನಿ ಮೈತುಂಬ ಗಾಯವಾದರೂ ಬಾವುಟ ನೆಲಕ್ಕೆ ತಾಗಲು ಬಿಡದೆ ಹಿಂದಕ್ಕೆ ತಂದ. ಅದಕ್ಕೆ ಪದಕ ಅವನ ಕೈ ಸೇರಿದ್ದು 1900ರಲ್ಲಿ. ದಾಳಿ ಸೋತ ಮೇಲೆ ಬದುಕುಳಿದವರು ಅದೇ ಮರಳಿನಲ್ಲಿ, ಗುಂಡಿನ ಮಳೆಯ ಕೆಳಗೆ, ಕಂದಕ ತೋಡುತ್ತ ಕೂತರು. ಸೆಪ್ಟೆಂಬರಿನಲ್ಲಿ ಕೋಟೆ ತೆರವಾಯಿತು.

ಇಷ್ಟು ಕೆಲಸ ಮಾಡಿದವರ ಮುಂದೆ ಸಂಬಳದ ಅಧಿಕಾರಿ ಬಂದು ನಿಂತಾಗ ಅವನ ಕೈಯಲ್ಲಿದ್ದ ಲೆಕ್ಕ ಬೇರೆಯೇ ಆಗಿತ್ತು. ಬಿಳಿಯ ಸಿಪಾಯಿಗೆ 13 ಡಾಲರ್, ಜೊತೆಗೆ ಬಟ್ಟೆಯ ಭತ್ಯೆ. ಕಪ್ಪು ಸಿಪಾಯಿಗೆ 10 ಡಾಲರ್, ಅದರಲ್ಲಿ ಬಟ್ಟೆಗೆ 3 ಡಾಲರ್ ಕಡಿತ, ಕೈಗೆ 7. ಸಾರ್ಜೆಂಟನಿಗೂ ಅಷ್ಟೇ, ಸಾದಾ ಸಿಪಾಯಿಗೂ ಅಷ್ಟೇ. ಕಾರಣ 1862ರ ಒಂದು ಕಾಯಿದೆ. ಪಾಳೆಯದಲ್ಲಿ ಗುದ್ದಲಿ ಹಿಡಿಯುವ ಕಪ್ಪು ಕೂಲಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಾಯಿದೆ ಅದು. ಯುದ್ಧ ಇಲಾಖೆಯ ಕಾನೂನು ಅಧಿಕಾರಿ ಅದನ್ನೇ ಬಂದೂಕು ಹಿಡಿದವರಿಗೂ ಅನ್ವಯಿಸಿದ. ಸಂಬಳದ ಬಿಲ್ಲು ಬರೆದವನಾಗಿ ಹೇಳುತ್ತೇನೆ, ಅನ್ಯಾಯ ಬಹಳ ಸಲ ಹೀಗೇ ಬರುತ್ತದೆ. ಯಾರೂ ಬೈಯುವುದಿಲ್ಲ, ಹೊಡೆಯುವುದಿಲ್ಲ. ಯಾವುದೋ ಹಳೆಯ ನಿಯಮದ ಒಂದು ಕಲಮು ತೋರಿಸಿ ಇಲ್ಲಿ ಸಹಿ ಹಾಕಿ ಎನ್ನುತ್ತಾರೆ.

54ನೆಯ ರೆಜಿಮೆಂಟು ಸಹಿ ಹಾಕಲಿಲ್ಲ. 7 ಡಾಲರ್ ಬೇಡ ಎಂದರು. ಒಬ್ಬಿಬ್ಬರಲ್ಲ, ಇಡೀ ರೆಜಿಮೆಂಟು. ಅವರ ಜೊತೆಗಾರ 55ನೆಯ ಮ್ಯಾಸಚೂಸೆಟ್ಸ್ ಕೂಡ ಅದೇ ಹಾದಿ ಹಿಡಿಯಿತು. ಇಲ್ಲಿ ಇನ್ನೊಂದು ತಿರುವಿದೆ, ಅದನ್ನು ಗಮನವಿಟ್ಟು ಕೇಳು. ಸಿಪಾಯಿಗಳ ಕಷ್ಟ ನೋಡಲಾರದೆ ಮ್ಯಾಸಚೂಸೆಟ್ಸಿನ ಶಾಸನಸಭೆ 1863ರ ಕೊನೆಯಲ್ಲಿ ಒಂದು ಕಾಯಿದೆ ಮಾಡಿತು. ಕೇಂದ್ರ ಸರ್ಕಾರ 7 ಕೊಡಲಿ, ಉಳಿದದ್ದನ್ನು ರಾಜ್ಯವೇ ತುಂಬಿಕೊಡುತ್ತದೆ ಎಂದು. ಹಣದ ಲೆಕ್ಕ ಸರಿಹೋಯಿತಲ್ಲ? ಆದರೂ ಸಿಪಾಯಿಗಳು ಒಪ್ಪಲಿಲ್ಲ. ನಾವು ದುಡಿಯುತ್ತಿರುವುದು ಯಾರ ಸೈನ್ಯದಲ್ಲೋ ಅವರೇ ಪೂರ್ತಿ ಕೊಡಬೇಕು, ಬೇರೆಯವರ ಔದಾರ್ಯದಿಂದ ತುಂಬಿದರೆ ನಾವು ಕಡಿಮೆಯವರು ಎಂದು ನಾವೇ ಒಪ್ಪಿದಂತಾಗುತ್ತದೆ ಎಂದರು. ಸಲ್ಲಬೇಕಾದದ್ದು ಬೇರೆ, ದಯೆಯಿಂದ ಬಂದದ್ದು ಬೇರೆ. ಮೊತ್ತ ಒಂದೇ ಇದ್ದರೂ ಎರಡೂ ಒಂದಲ್ಲ. ಓದು ಬಾರದ ಎಷ್ಟೋ ಸಿಪಾಯಿಗಳಿಗೆ ಈ ಸೂಕ್ಷ್ಮ ತಿಳಿದಿತ್ತು. ಪದವಿ ಪಡೆದ ನಿನಗೆ ತಿಳಿಯದೆ ಇರಬಾರದು.

ಗುಡಿಂಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. 1863ರ ಸೆಪ್ಟೆಂಬರ್ 28ರಂದು ಮಾರಿಸ್ ದ್ವೀಪದ ಪಾಳೆಯದಲ್ಲಿ ಕೂತು ನೇರವಾಗಿ ಅಧ್ಯಕ್ಷ ಲಿಂಕನ್‌ಗೆ ಪತ್ರ ಬರೆದ. ಒಳ್ಳೆಯ ಅರ್ಜಿ ಹೇಗಿರಬೇಕು ಎಂದು ಕೇಳಿದರೆ ನಾನು ತೋರಿಸುವುದು ಅದನ್ನೇ. ಬೈಗುಳವಿಲ್ಲ, ಗೋಗರೆತವೂ ಇಲ್ಲ. ಸಾಮಾನ್ಯನಾದ ತಾನು ಅಧ್ಯಕ್ಷರಿಗೆ ಬರೆಯುವ ಧಾರ್ಷ್ಟ್ಯ ತೋರುತ್ತಿರುವುದಕ್ಕೆ ಕ್ಷಮೆ ಕೇಳಿ ನೇರ ವಿಷಯಕ್ಕೆ ಬರುತ್ತಾನೆ. ನಾವು ಸಿಪಾಯಿಗಳೋ ಕೂಲಿಗಳೋ, ಅಷ್ಟನ್ನು ಹೇಳಿ ಎಂದು ಕೇಳುತ್ತಾನೆ. ಮಾಡಿದ ಕೆಲಸವನ್ನು ಸಾಕ್ಷಿಗೆ ನಿಲ್ಲಿಸುತ್ತಾನೆ: ವ್ಯಾಗ್ನರ್ ಕೋಟೆ, ಅಲ್ಲಿ ಬಿದ್ದ ಹೆಣಗಳು, ತೋಡಿದ ಕಂದಕ. ಸಿಪಾಯಿಯ ಕರ್ತವ್ಯ ಮಾಡಿದ್ದೇವೆ, ಸಿಪಾಯಿಯ ಸಂಬಳ ಯಾಕಿಲ್ಲ ಎಂಬುದೊಂದೇ ಪ್ರಶ್ನೆ. ಸೈನ್ಯ ಸೇರಿದ ದಿನದಿಂದ ತನ್ನೂರಿನ ಪತ್ರಿಕೆಗೆ ಹೆಚ್ಚುಕಡಿಮೆ ವಾರಕ್ಕೊಂದು ವರದಿ ಬರೆಯುತ್ತ ಬಂದವನು ಅವನು. ಆ ರೂಢಿಯೇ ಅವನ ಕೈಗೆ ಈ ಬಿಗಿ ಕೊಟ್ಟಿತ್ತು.

ಬೇಡ ಎಂದು ಹೇಳಿದ್ದು ಸುಲಭವಾಗಿತ್ತು ಎಂದುಕೊಳ್ಳಬೇಡ. ಒಂದು ತಿಂಗಳಲ್ಲ ಎರಡು ತಿಂಗಳಲ್ಲ, ಹದಿನೆಂಟು ತಿಂಗಳು ಕೈಗೆ ಕಾಸು ಬರಲಿಲ್ಲ. ಸಿಪಾಯಿಗೆ ಪಾಳೆಯದಲ್ಲಿ ಬಿಸ್ಕತ್ತಾದರೂ ಸಿಗುತ್ತಿತ್ತು. ಊರಿನಲ್ಲಿ ಹೆಂಡತಿ ಮಕ್ಕಳ ಹೊಟ್ಟೆಗೆ ತಣ್ಣೀರುಬಟ್ಟೆ. ಕೆಲವು ಸಂಸಾರಗಳು ನಿರ್ಗತಿಕರ ಆಶ್ರಯಮನೆ ಸೇರಿದವು. ಆ ಸುದ್ದಿ ಹೊತ್ತ ಕಾಗದಗಳು ಪಾಳೆಯಕ್ಕೆ ಬರುತ್ತಿದ್ದವು. ಓದಿ ಮಡಿಸಿ ಜೇಬಿನಲ್ಲಿಟ್ಟುಕೊಂಡು ಮತ್ತೆ ಕಾವಲಿಗೆ ಹೋಗಬೇಕು. ಹಕ್ಕಿಗಾಗಿ ನಿಲ್ಲುವವನು ಅದರ ಬೆಲೆಯನ್ನು ತಾನೊಬ್ಬನೇ ಕೊಡುವುದಿಲ್ಲ, ಮನೆಯವರೂ ಕೊಡುತ್ತಾರೆ. ಆದ್ದರಿಂದ ನಿಲ್ಲುವ ಮೊದಲು ಅವರ ಜೊತೆ ಮಾತಾಡು.

ಅವರ ನಡತೆಯಲ್ಲಿ ನನ್ನ ಮನಸ್ಸು ಹಿಡಿದ ಸಂಗತಿ ಇದು: ಸಂಬಳ ಬೇಡವೆಂದವರು ಕೆಲಸ ಬೇಡವೆನ್ನಲಿಲ್ಲ. 1864ರ ಫೆಬ್ರವರಿ 20ರಂದು ಫ್ಲೋರಿಡಾದ ಓಲಸ್ಟಿಯಲ್ಲಿ ಕಾಳಗವಾಯಿತು. ಉತ್ತರದ ಸೈನ್ಯ ಸೋಲುತ್ತಿದ್ದಾಗ 54ನೆಯ ರೆಜಿಮೆಂಟನ್ನು ಮುಂದಕ್ಕೆ ಓಡಿಸಿದರು. ಮ್ಯಾಸಚೂಸೆಟ್ಸಿಗೂ ತಿಂಗಳಿಗೆ ಏಳು ಡಾಲರಿಗೂ ಜೈಕಾರ ಹಾಕುತ್ತ ಅವರು ನುಗ್ಗಿದರು ಎಂದು ದಾಖಲೆಯಿದೆ. ಎಂಥ ವ್ಯಂಗ್ಯ ನೋಡು, ಆ ಏಳನ್ನೂ ಅವರು ಮುಟ್ಟಿರಲಿಲ್ಲ. ಉಳಿದವರು ಹಿಂದೆ ಸರಿಯುವವರೆಗೆ ಕತ್ತಲಾಗುವ ತನಕ ಸಾಲು ಹಿಡಿದು ನಿಂತರು.

ಮರುದಿನಗಳಲ್ಲಿ ನಡೆದದ್ದು ಇನ್ನೂ ದೊಡ್ಡದು. ಗಾಯಾಳುಗಳನ್ನು ತುಂಬಿಕೊಂಡು ಜಾಕ್ಸನ್‌ವಿಲ್ ಕಡೆಗೆ ಹೊರಟ ರೈಲಿನ ಎಂಜಿನ್ ದಾರಿಯಲ್ಲಿ ಕೆಟ್ಟು ನಿಂತಿತು. ಹಿಂದಿನಿಂದ ಶತ್ರು ಬರಬಹುದು. ಆಗಲೇ ನಡೆದು ಸುಸ್ತಾಗಿದ್ದ 54ನೆಯವರಿಗೆ ವಾಪಸು ಹೋಗುವಂತೆ ಹುಕುಂ ಬಂತು. ಹೋದರು. ಎಂಜಿನ್ನಿಗೂ ಡಬ್ಬಿಗಳಿಗೂ ಹಗ್ಗ ಕಟ್ಟಿ ಹೆಗಲಿಗೆ ಹಾಕಿಕೊಂಡು ಎಳೆದರು. ಮೊದಲ ಮೂರು ಮೈಲಿ ಬರಿಯ ಮನುಷ್ಯರ ಬಲ, ಆಮೇಲೆ ಕುದುರೆಗಳೂ ಸೇರಿದವು. ಒಟ್ಟು ಹತ್ತು ಮೈಲಿ. ಡಬ್ಬಿಯೊಳಗೆ ಮಲಗಿದ್ದವರಲ್ಲಿ ಪೂರ್ತಿ 13 ಡಾಲರ್ ಪಡೆಯುವವರೂ ಇದ್ದರು. ಎಳೆಯುತ್ತಿದ್ದವರಿಗೆ ಒಂದು ವರ್ಷದಿಂದ ಸಂಬಳವಿರಲಿಲ್ಲ. ಗಾಯಾಳು ಯಾರ ಸಂಬಳ ತಡೆದವನೂ ಅಲ್ಲ ಎಂಬ ವಿವೇಕ ಅವರಿಗಿತ್ತು. ಜಗಳ ಖಜಾನೆಯ ಜೊತೆಗಿದ್ದರೆ ಅದರ ಸಿಟ್ಟನ್ನು ಮುಂದೆ ಕೂತ ರೋಗಿಯ ಮೇಲೆ, ವಿದ್ಯಾರ್ಥಿಯ ಮೇಲೆ, ಅರ್ಜಿ ಹಿಡಿದು ನಿಂತ ಮುದುಕಿಯ ಮೇಲೆ ತೀರಿಸಬಾರದು.

ಎಲ್ಲರ ಪಾಲಿಗೂ ಕಥೆ ಹೀಗೆ ನಡೆಯಲಿಲ್ಲ. ದಕ್ಷಿಣ ಕೆರೊಲಿನಾದ ಇನ್ನೊಂದು ಕಪ್ಪು ರೆಜಿಮೆಂಟಿನ ಸಾರ್ಜೆಂಟ್ ವಿಲಿಯಂ ವಾಕರ್ 1863ರ ನವೆಂಬರಿನಲ್ಲಿ ತನ್ನ ತುಕಡಿಯವರನ್ನು ಕರೆದುಕೊಂಡು ಹೋಗಿ ಮೇಲಧಿಕಾರಿಯ ಡೇರೆಯ ಮುಂದೆ ಬಂದೂಕುಗಳನ್ನು ಒಟ್ಟಿಸಿದ. ಸರ್ಕಾರ ಒಪ್ಪಂದ ಮುರಿದಿದೆ, ಇನ್ನು ನಾವು ದುಡಿಯುವುದಿಲ್ಲ ಎಂದ. ಬೇಡಿಕೆ ಅದೇ, ನ್ಯಾಯ ಅದೇ. ಸೈನಿಕ ನ್ಯಾಯಾಲಯ ಅದನ್ನು ದಂಗೆ ಎಂದು ಕರೆದು 1864ರ ಫೆಬ್ರವರಿ 29ರಂದು ಅವನನ್ನು ಗುಂಡಿಟ್ಟು ಕೊಂದಿತು. ವಾಕರ್ ತಪ್ಪು ಮಾಡಿದ ಎಂದು ನಾನು ಹೇಳಲಾರೆ. ಮಾತು ಮುರಿದದ್ದು ಸರ್ಕಾರ. ನಿನಗೆ ಹೇಳುವುದಿಷ್ಟೇ: ನ್ಯಾಯ ನಿನ್ನ ಕಡೆ ಇದ್ದ ಮಾತ್ರಕ್ಕೆ ದಾರಿಯೂ ಸುರಕ್ಷಿತ ಎಂದು ನಂಬಬೇಡ. ಎದುರಿಗಿರುವವನ ಕೈಯಲ್ಲಿ ಏನಿದೆ, ಯಾವ ನಿಯಮದಡಿ ಅವನು ನಿನ್ನನ್ನು ಹಿಡಿಯಬಲ್ಲ ಎಂದು ತಿಳಿದುಕೊಂಡು ಹೆಜ್ಜೆ ಇಡು. 54ನೆಯವರ ದಾರಿಯಲ್ಲಿ ಅವರನ್ನು ಹಿಡಿಯಲು ಕಲಮು ಸಿಗಲಿಲ್ಲ. ಕೊಟ್ಟ ಹಣ ತೆಗೆದುಕೊಳ್ಳದಿರುವುದು ಯಾವ ಕಾನೂನಿನಲ್ಲಿ ಅಪರಾಧ?

1864ರ ಜೂನಿನಲ್ಲಿ ಸಂಸತ್ತು ಕಡೆಗೂ ಸಮಾನ ವೇತನಕ್ಕೆ ಒಪ್ಪಿತು. ಅದರಲ್ಲೂ ಒಂದು ಕೊಕ್ಕೆ. 1861ರ ಏಪ್ರಿಲ್ 19ಕ್ಕೆ ಮೊದಲೇ ಸ್ವತಂತ್ರರಾಗಿದ್ದವರಿಗೆ ಸೇರಿದ ದಿನದಿಂದ ಪೂರ್ತಿ ಬಾಕಿ; ಆಗ ಗುಲಾಮರಾಗಿದ್ದವರಿಗೆ 1864ರ ಜನವರಿಯಿಂದ ಮಾತ್ರ. 54ನೆಯದರಲ್ಲಿ ಎರಡೂ ಬಗೆಯವರಿದ್ದರು. ಆಗ ಅದರ ಕರ್ನಲ್ ಆಗಿದ್ದವರು ಎಡ್ವರ್ಡ್ ಹ್ಯಾಲೊವೆಲ್, ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆತನದವರು. ಅವರು ಒಂದು ಪ್ರಮಾಣವಚನ ಬರೆಸಿದರು. ಆ ದಿನಾಂಕಕ್ಕೆ ಮೊದಲು ನಾನು ಯಾರಿಗೂ ಕೂಲಿಯಿಲ್ಲದ ದುಡಿಮೆಯ ಋಣಿಯಾಗಿರಲಿಲ್ಲ ಎಂಬುದು ಅದರ ಸಾರಾಂಶ. ಗುಲಾಮನಾಗಿದ್ದವನೂ ಸುಳ್ಳಾಡದೆ ಪ್ರಮಾಣ ಮಾಡಬಹುದಿತ್ತು, ಯಾಕೆಂದರೆ ದೇವರ ನ್ಯಾಯದಲ್ಲಿ ಯಾವ ಮನುಷ್ಯನೂ ಇನ್ನೊಬ್ಬನಿಗೆ ಬಿಟ್ಟಿ ದುಡಿಮೆಯ ಸಾಲಗಾರನಲ್ಲ. ಸೆಪ್ಟೆಂಬರ್ ಕೊನೆಗೆ ಬಟವಾಡೆ ನಡೆಯಿತು. ಸಿಪಾಯಿಗಳು ಕೂಡಲೇ ಮನೆಗಳಿಗೆ ಕಳಿಸಿದ ಹಣವೇ 50,000 ಡಾಲರಿಗೂ ಮಿಗಿಲು. ಸಮಾನ ವೇತನದ ಮಾತು ಕೊಟ್ಟು ಸೇರಿಸಿಕೊಂಡಿದ್ದ ಎಲ್ಲ ಕಪ್ಪು ರೆಜಿಮೆಂಟುಗಳಿಗೂ ಪೂರ್ತಿ ಬಾಕಿ ಸಲ್ಲುವ ಕಾಯಿದೆ ಬಂದದ್ದು 1865ರ ಮಾರ್ಚಿನಲ್ಲಿ.

ಗುಡಿಂಗ್ ಆ ಬಟವಾಡೆಯ ಸಾಲಿನಲ್ಲಿ ಇರಲಿಲ್ಲ. ಓಲಸ್ಟಿಯಲ್ಲಿ ಗಾಯಗೊಂಡು ಸೆರೆ ಸಿಕ್ಕಿದ್ದ. ಅವನನ್ನು ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಶಿಬಿರಕ್ಕೆ ಒಯ್ದರು. ನೆರಳಿಲ್ಲದ ಬೇಲಿಯೊಳಗೆ ಒಟ್ಟು 45,000 ಕೈದಿಗಳನ್ನು ತುಂಬಿ, ಸುಮಾರು 13,000 ಜನ ಸತ್ತ ಜಾಗ ಅದು. 1864ರ ಜುಲೈ 19ರಂದು ಗುಡಿಂಗ್ ಅಲ್ಲಿ ಸತ್ತ. ಅವನು ಕೇಳಿದ್ದನ್ನು ಸಂಸತ್ತು ಒಪ್ಪಿ ಒಂದು ತಿಂಗಳಾಗಿತ್ತು. ನ್ಯಾಯ ಕೇಳಿದವನಿಗೇ ನ್ಯಾಯ ದಕ್ಕುತ್ತದೆ ಎಂದು ನಿನಗೆ ಮಾತು ಕೊಡಲು ನನಗೆ ಬಾಯಿ ಬರುವುದಿಲ್ಲ. ಅವನು ಕೇಳಿದ್ದು ಸಾಲಿನಲ್ಲಿ ಅವನ ಹಿಂದೆ ನಿಂತವರಿಗೆ ದಕ್ಕಿತು.

ಅದೇ ಸೆರೆಶಿಬಿರದಲ್ಲಿ ಇನ್ನೊಬ್ಬ ಹುಡುಗನಿದ್ದ. ಡೋರೆನ್ಸ್ ಆಟ್‌ವಾಟರ್, ಕುದುರೆ ಪಡೆಯವನು, ಇಪ್ಪತ್ತೂ ತುಂಬಿರಲಿಲ್ಲ. ಅಕ್ಷರ ಚೆನ್ನಾಗಿದೆ ಎಂದು ಸತ್ತವರ ದಫ್ತರು ಬರೆಯುವ ಕೆಲಸಕ್ಕೆ ಹಾಕಿದರು. ಹೆಸರು, ರೆಜಿಮೆಂಟು, ದಿನಾಂಕ, ಸತ್ತ ಕಾರಣ, ಗೋರಿಯ ಸಂಖ್ಯೆ. ಸೆರೆಶಿಬಿರದವರು ಈ ದಫ್ತರನ್ನು ಮುಂದೆ ಯಾರಿಗೂ ತೋರಿಸಲಿಕ್ಕಿಲ್ಲ ಎಂಬ ಅನುಮಾನದಿಂದ ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿಟ್ಟುಕೊಂಡು ಹೊರಬಂದ. 1865ರ ಬೇಸಿಗೆಯಲ್ಲಿ ಶುಶ್ರೂಷಕಿ ಕ್ಲಾರಾ ಬಾರ್ಟನ್ ಜೊತೆ ಅಲ್ಲಿಗೆ ಮರಳಿದ. ಆ ಪಟ್ಟಿಯ ಆಧಾರದಿಂದ ಗೋರಿಗಳಿಗೆ ಹೆಸರು ಹಾಕಿದರು. ಸುಮಾರು 13,000ದಲ್ಲಿ ಹೆಸರಿಲ್ಲದೆ ಉಳಿದವು ಐನೂರೂ ಇಲ್ಲ. ಆ ಪಟ್ಟಿ ಯಾರ ಸ್ವತ್ತು ಎಂಬ ತಕರಾರಿನಲ್ಲಿ ಸ್ವಂತ ಸರ್ಕಾರವೇ ಅವನನ್ನು ಸೆರೆಗೆ ಹಾಕಿತು. 1866ರಲ್ಲಿ ಪಟ್ಟಿ ಅಚ್ಚಾಗಿ ಸಾವಿರಾರು ಮನೆಗಳಿಗೆ ತಮ್ಮ ಮಗ ಎಲ್ಲಿ ಮಲಗಿದ್ದಾನೆ ಎಂದು ಗೊತ್ತಾಯಿತು. ಗುಮಾಸ್ತಿಕೆಯನ್ನು ಹಗುರವಾಗಿ ಕಾಣುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ನೀನು ಮಾಡಿದ ಕೆಲಸದ, ನಿನಗೆ ಕೊಟ್ಟ ಮಾತಿನ, ನೀನು ಕಂಡ ಅನ್ಯಾಯದ ಪ್ರತಿ ನಿನ್ನ ಬಳಿ ಇರಲಿ.

ನಮ್ಮ ಶರಣರ ಕಥೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮ ಇದ್ದಾಳಲ್ಲ, ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಚ್ಚಿನದನ್ನು ಅಲ್ಲೇ ಚೆಲ್ಲಿ ಬಾ ಎಂದು ಹಿಂದಕ್ಕೆ ಕಳಿಸಿದವಳು. ನಾವು ಆ ಕಥೆಯನ್ನು ಆಸೆ ಬಿಡುವ ಪಾಠವಾಗಿ ಮಾತ್ರ ಓದುತ್ತೇವೆ. ಮಾರಿಸ್ ದ್ವೀಪದ ಸಿಪಾಯಿಗಳು ಅದರ ಇನ್ನೊಂದು ಮಗ್ಗುಲನ್ನು ತೋರಿಸಿದರು. ಕಾಯಕಕ್ಕಿಂತ ಹೆಚ್ಚು ಮುಟ್ಟದವಳು ಅವಳು, ಕಾಯಕಕ್ಕಿಂತ ಕಡಿಮೆ ಮುಟ್ಟದವರು ಇವರು. ತಕ್ಕಡಿ ಎರಡೂ ಕಡೆ ಒಂದೇ. ಹೆಚ್ಚು ಬಂದಾಗ ಹಿಂದಿರುಗಿಸುವ ಗಟ್ಟಿತನ ಇದ್ದವನಿಗೆ ಮಾತ್ರ ಕಡಿಮೆ ಬಂದಾಗ ಕೇಳುವ ಧೈರ್ಯ ಒಪ್ಪುತ್ತದೆ.

ಆ ಯುದ್ಧದ ಬಿಸಿ ನಮ್ಮ ಕರಿ ಎರೆ ಭೂಮಿಗೂ ತಟ್ಟಿತ್ತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು ಅಮೆರಿಕದ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ಹಿಂದೂಸ್ತಾನದ ಹತ್ತಿಗೆ ಮುಗಿಬಿದ್ದವು. ಧಾರವಾಡ ಸೀಮೆಯಲ್ಲಿ ಆಗಲೇ ಅಮೆರಿಕದ ತಳಿಯ ಹತ್ತಿ ಬೇರೂರಿತ್ತು. ದರ ಹಲವು ಪಟ್ಟು ಏರಿತು. 1865ರಲ್ಲಿ ಯುದ್ಧ ಮುಗಿಯುತ್ತಿದ್ದಂತೆ ದರ ಕುಸಿಯಿತು, ಬೊಂಬಾಯಿಯ ಷೇರು ಪೇಟೆ ನೆಲಕಚ್ಚಿತು. ರೈತ ಏರಿದ ವರ್ಷವೂ ಅಷ್ಟೇ ಉತ್ತಿದ್ದ, ಇಳಿದ ವರ್ಷವೂ ಅಷ್ಟೇ ಉತ್ತಿದ್ದ. ಪೇಟೆಯ ದರ ನಿನ್ನ ಕೈಯಲ್ಲಿಲ್ಲ. ನೀನು ಸೇರುವ ಕಂಪನಿಗೂ ಸುಗ್ಗಿ ಬರುತ್ತದೆ, ಬರ ಬರುತ್ತದೆ. ಎಲ್ಲರಿಗೂ ಕಡಿಮೆಯಾದಾಗ ನಿನಗೂ ಕಡಿಮೆಯಾದರೆ ಹಲ್ಲು ಕಚ್ಚಿ ಸಹಿಸು. ಪಕ್ಕದವನಿಗೆ 13 ಕೊಟ್ಟು ನಿನಗೆ ಮಾತ್ರ 7 ಕೊಟ್ಟರೆ ಅದು ಬರಗಾಲ ಅಲ್ಲ. ಈ ಎರಡರ ವ್ಯತ್ಯಾಸ ತಿಳಿಯದೆ ಸಿಟ್ಟಾದರೆ ಸಿಟ್ಟು ದಂಡವಾಗುತ್ತದೆ.

ಇಷ್ಟರಿಂದ ನೀನು ಕಟ್ಟಿಕೊಂಡು ಹೋಗಬೇಕಾದ ಬುತ್ತಿ ಚಿಕ್ಕದು. ಸೇರುವಾಗ ಕೊಟ್ಟ ಮಾತನ್ನು ಕಾಗದದ ಮೇಲೆ ಪಡೆ. ಕೆಲಸವನ್ನು ಯಾರೂ ಬೆರಳು ತೋರಿಸದಂತೆ ಕಲಿ. ಕಡಿಮೆ ಬಂದರೆ ಮೊದಲು ಒಬ್ಬನೇ ಕೇಳು, ಬರೆದು ಕೇಳು, ಮರ್ಯಾದೆ ಬಿಡದೆ ಕೇಳು. ಉತ್ತರ ಬಾರದಿದ್ದರೆ ನಾಲ್ಕು ಜನ ಸೇರಿ ಕೇಳಿ. ನಿನ್ನ ಜೊತೆಯವಳಿಗೆ ಹೆಣ್ಣೆಂದೋ, ಜಾತಿಯಿಂದಲೋ, ಗುತ್ತಿಗೆಯವಳೆಂದೋ ಕಡಿಮೆ ಸಿಗುತ್ತಿದ್ದರೆ ನಿನ್ನದು ಪೂರ್ತಿ ಬಂತೆಂದು ಸುಮ್ಮನಿರಬೇಡ. 54ನೆಯದರಲ್ಲಿ ಬಿಳಿಯ ಅಧಿಕಾರಿಗಳ ಸಂಬಳ ಸರಿಯಾಗಿಯೇ ಬರುತ್ತಿತ್ತು. ಆದರೂ ಹ್ಯಾಲೊವೆಲ್ ತಮ್ಮ ಸಿಪಾಯಿಗಳ ಬಾಕಿಗೆ ದಾರಿ ಹುಡುಕುತ್ತ ಕೂತರು.

ಇನ್ನೊಂದು ಮಾತು, ಇದು ಹತ್ತು ಹದಿನೈದು ವರ್ಷದ ಮೇಲೆ ಬೇಕಾಗುವುದು. ಒಂದು ದಿನ ನೀನೂ ಕೊಡುವವನ ಕುರ್ಚಿಯಲ್ಲಿ ಕೂರುತ್ತೀಯ. ನಿನ್ನ ಮುಂದೆ ಯಾರದೋ ಬಾಕಿಯ ಕಡತ ಬರುತ್ತದೆ, ಅದನ್ನು ತಡೆಯಲು ಒಂದು ಕಲಮೂ ಸಿಗುತ್ತದೆ. ಕೊಡಲು ದಾರಿ ಮಾಡುವ ಕಲಮೂ ಅದೇ ಪುಸ್ತಕದಲ್ಲಿರುತ್ತದೆ. ಹುಡುಕಬೇಕು, ಅಷ್ಟೇ. ಹುಡುಕಿ ಕೊಡು. ಬೇರೆಯವರ ಕೂಲಿ ನಿನ್ನ ಮೇಜಿನ ಮೇಲೆ ಒಂದು ದಿನವೂ ಸುಮ್ಮನೆ ಕೂರಬಾರದು.